ಕಾರಿನೊಳಗಿನ ಟಿಣ್ ಟಿಣ್

ಚಿಂತೆ ಮಾಡುವವರ ಕೈಗೆ ಕಾರು ಕೊಡಬಾರದು. ಬೇರೆಯವರು ಕಣ್ಣು ಬಿಟ್ಟುಕೊಂಡು ಓಡಿಸಿದರೆ ನಾನು ಕಿವಿ ಬಿಟ್ಟುಕೊಂಡು ಓಡಿಸುತ್ತೇನೆ. ಎಂಜಿನ್ ಕೆಮ್ಮಿತೇ, ಬ್ರೇಕ್ ನರಳಿತೇ ಎಂದು ಆಲಿಸುತ್ತಾ ನೆರೂಳದ ಮನೆಯಿಂದ ಠಾಣೆ ಶಹರ ಮುಟ್ಟುವಷ್ಟರಲ್ಲಿ ಮನಸ್ಸಿನಲ್ಲೇ ಗ್ಯಾರೇಜಿಗೆ ಹೋಗಿ ಬಂದಿರುತ್ತೇನೆ. ಇಂಥ ನಾನು ಕಂಪನಿಯಿಂದಲೇ ಬಂದ ಸ್ಪೀಕರುಗಳನ್ನು ತೆಗೆಸಿ ದೊಡ್ಡವನ್ನು ಹಾಕಿಸಿದೆನೆಂದರೆ ಅದಕ್ಕೆ ಕಾರಣ ಸಂಗೀತವಲ್ಲ, ಮಗಳು.

ಅನಘಾಳ ಕಾಲೇಜು ಠಾಣೆಯಲ್ಲಿ, ನನ್ನ ಆಫೀಸು ಅಲ್ಲೇ ಕೋಪರಿಯಲ್ಲಿ. ಬೆಳಿಗ್ಗೆ ಒಟ್ಟಿಗೆ ಹೋಗುವ ಆ ದಾರಿ ಬಿಟ್ಟರೆ ಅವಳು ನನಗೆ ಸಿಗುವುದೇ ಇಲ್ಲ. ಚಿಕ್ಕವಳಿದ್ದಾಗ ವಟವಟ ಎನ್ನುತ್ತಿದ್ದವಳು ಈಗ ಕಾರು ಹತ್ತಿದೊಡನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಕಡೆ ತಿರುಗಿಬಿಡುತ್ತಾಳೆ. ಯಾಕಮ್ಮಾ ಎಂದು ಕನ್ನಡದಲ್ಲಿ ಕೇಳಿದರೆ ಉತ್ತರ ಹಿಂದಿಯಲ್ಲಿ: "ಅಪ್ಪಾ, ಇಸ್ ಸ್ಪೀಕರ್ ಮೇ ಸಬ್ ಗಾನಾ ಕುಕರ್ ಜೈಸಾ ಲಗ್ತಾ ಹೈ." ಈ ಸ್ಪೀಕರಿನಲ್ಲಿ ಹಾಡೆಲ್ಲ ಕುಕ್ಕರ್ ಕೂಗಿದಂತೆ ಕೇಳುತ್ತದಂತೆ. ಇಯರ್‌ಫೋನ್ ಇಳಿದರೆ ಮಾತು ಬಂದೀತು ಎಂಬುದು ನನ್ನ ಲೆಕ್ಕಾಚಾರ. "ಹೆತ್ತ ಮಗಳ ಹತ್ರ ಮಾತಾಡೋಕೆ ಸ್ಪೀಕರ್ ಬೇಕಾ ನಿಮಗೆ?" ಎಂದು ಹೆಂಡತಿ ಕೇಳಿದಳು. ಬೇಕಿತ್ತು.

ತುರ್ಭೆಯ ಅಂಗಡಿಯಲ್ಲಿ ಕಾರಿನ ಬಾಗಿಲು ಬಿಚ್ಚುವಾಗ ನಾನು ಆಪರೇಷನ್ ಥಿಯೇಟರಿನ ಹೊರಗೆ ಕೂತವನಂತೆ ಸ್ಟೂಲಿನ ಮೇಲೆ ಕೂತಿದ್ದೆ. ವೈರ್ ಕತ್ತರಿಸಿದರೆ ವಾರಂಟಿ ಹೋಗುತ್ತದಲ್ಲ ಎಂದು ಕೇಳಿದೆ; ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದೆ. "ಅಂಕಲ್, ಕಟ್ ನಹೀ ಕರೇಗಾ, ಕಪ್ಲರ್ ಲಗಾಯೇಗಾ. ಆಪ್ ಚಾಯ್ ಪಿಯೋ," ಎಂದ ಅಂಗಡಿಯವ; ವೈರ್ ಕತ್ತರಿಸದೆ ಕಪ್ಲರ್ ಎಂಬ ಜೋಡಣೆ ಹಾಕುತ್ತಾನಂತೆ, ನಾನು ಚಹಾ ಕುಡಿಯಬೇಕಂತೆ. ಬಾಗಿಲು ಅದುರದಂತೆ ಒಳಗೆ ದಪ್ಪನೆಯ ಕಪ್ಪು ಶೀಟುಗಳನ್ನೂ ಅಂಟಿಸಿದ. ಹೊರಗಿನ ಗದ್ದಲ ಅರ್ಧಕ್ಕರ್ಧ ಅಡಗಿತು.

ಮಾರನೆಯ ದಿನ ಇಯರ್‌ಫೋನ್ ಇಳಿಯಿತು, ಮಾತು ಬರಲಿಲ್ಲ. ಕಾರು ತುಂಬ ಅವಳ ಹಾಡು. ಅವಳು ಕಿಟಕಿ ಕಡೆಗೇ. ಆಗ ಎರಡು ಹಾಡುಗಳ ನಡುವೆ ಟಿಣ್ ಟಿಣ್ ಎಂದು ಕೇಳಿಸಿತು. ಇಷ್ಟು ದಿನ ಗದ್ದಲದಲ್ಲಿ ಮುಚ್ಚಿಹೋಗಿದ್ದ ಶಬ್ದ. ನನ್ನ ಕೈ ತಾನಾಗಿ ವಾಲ್ಯೂಮ್ ತಗ್ಗಿಸಿತು.

"ಕ್ಯಾ ಹುವಾ?"

"ಏನೋ ಶಬ್ದ ಕಣೇ. ಸಸ್ಪೆನ್ಷನ್ ಇರಬಹುದು."

"ತುಮ್ಕೋ ನಾ, ಸಬ್ ಕುಛ್ ಸಸ್ಪೆನ್ಷನ್ ಲಗ್ತಾ ಹೈ," ಎಂದು, ನನ್ನ ಕಿವಿಗೆ ಎಲ್ಲವೂ ಸಸ್ಪೆನ್ಷನ್ನೇ ಎಂಬಂತೆ ನಕ್ಕಳು. ಅಲ್ಲಿಂದ ಮಾತು ಅವಳ ಪ್ರೊಫೆಸರಿಗೆ, ಅಲ್ಲಿಂದ ಅವಳೊಡನೆ ಮಾತು ಬಿಟ್ಟ ಗೆಳತಿಯೊಬ್ಬಳಿಗೆ ಹೋಯಿತು. ಐರೋಲಿ ದಾಟಿದ್ದೇ ತಿಳಿಯಲಿಲ್ಲ. ಮರುದಿನವೂ ಟಿಣ್ ಟಿಣ್, ಮರುದಿನವೂ ಮಾತು.

ಭಾನುವಾರ ಕಾರು ಒರೆಸುವಾಗ ಶಬ್ದ ಕೈಗೆ ಸಿಕ್ಕಿತು. ಎಂದೋ ಊಟದ ಡಬ್ಬಿಯಿಂದ ಬಿದ್ದ ಸ್ಟೀಲ್ ಚಮಚ, ಅನಘಾಳ ಸೀಟಿನ ಕೆಳಗೆ ಕಬ್ಬಿಣಕ್ಕೆ ಬಡಿಯುತ್ತಿತ್ತು. ಅತ್ತಿತ್ತ ನೋಡಿ ಮೆಲ್ಲಗೆ ಅಲ್ಲೇ ಇಟ್ಟೆ. ಆಮೇಲೆ ಎಷ್ಟೋ ದಿನ ಮುಖ ಗಂಭೀರ ಮಾಡಿಕೊಂಡು ಸಸ್ಪೆನ್ಷನ್ ಬಗ್ಗೆ ಚಿಂತಿಸಿದೆ. ಅಷ್ಟು ಸಂತೋಷದ ಚಿಂತೆಯನ್ನು ನಾನು ಹಿಂದೆಂದೂ ಮಾಡಿದವನಲ್ಲ.

ಮೊನ್ನೆ ಹೆಂಡತಿ, ಕಾರಿನಲ್ಲಿ ಬಿದ್ದ ಕಿವಿಯೋಲೆ ಹುಡುಕಲು ಹೋಗಿ ಚಮಚವನ್ನು ಅಡುಗೆಮನೆ ಸೇರಿಸಿದ್ದಾಳೆ. ಅದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಾರಿನಲ್ಲಿ ಟಿಣ್ ಟಿಣ್ ಇಲ್ಲ. ವಾಲ್ಯೂಮ್ ತಗ್ಗಿಸಲು ನೆಪವಿಲ್ಲದೆ ತುರ್ಭೆ ದಾಟಿದೆ. ಅನಘಾಳೇ ಕೈ ಚಾಚಿ ಹಾಡು ತಗ್ಗಿಸಿದಳು.

"ಅಪ್ಪಾ, ಚಮಚ ಎಲ್ಲೋಯ್ತು?"

"ನಿಂಗೆ ಗೊತ್ತಿತ್ತಾ?"

"ಮೊದ್ಲಿಂದ್ಲೂ. ನನ್ ಸೀಟ್ ಕೆಳಗೇ ತಾನೇ ಇತ್ತು?"

ಹೊಸ ಸ್ಪೀಕರು ಹೇಗಿದೆ ಎಂದು ಆಫೀಸಿನಲ್ಲಿ ಕೇಳುತ್ತಾರೆ. ಬಹಳ ಚೆನ್ನಾಗಿದೆ ಎನ್ನುತ್ತೇನೆ. ಈವರೆಗೆ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ. ಈಗ ಬೆಳಿಗ್ಗೆ ಹೊರಡುವಾಗ ಅಡುಗೆಮನೆಯಿಂದ ಒಂದು ಚಮಚ ಕಿಸೆಗೆ ಸೇರಿ ಅನಘಾಳ ಸೀಟಿನ ಕೆಳಗೆ ಇಳಿಯುತ್ತದೆ. ಹೆಂಡತಿ ಎಲ್ಲಿ ಚಮಚ ಎಣಿಸಿಬಿಡುತ್ತಾಳೋ ಎಂಬುದೇ ಸದ್ಯದ ಚಿಂತೆ.