ಟಿವಿಯೊಳಗಿನ ಮಾವ

ನನ್ನ ಸಣ್ಣ ಮಾವ ಟಿವಿಯಲ್ಲಿ ಬರುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ಅದೇ ಹೊತ್ತಿಗೆ ಟಿವಿಯ ಎದುರು ಬೆಂಚಿನ ಮೇಲೂ ಕೂತಿರುತ್ತಿದ್ದ ಎಂದರಂತೂ ಎದ್ದೇ ಹೋಗುತ್ತೀರಿ! ಹೋಗಬೇಡಿ. ಮೊದಲು ನೋಡಿದ್ದು ನನ್ನ ಅಜ್ಜಿ. ಕನ್ನಡಕವಿಲ್ಲದೆ ಅಕ್ಕಿಯಿಂದ ಕಲ್ಲು ಆರಿಸುವ ಹೆಂಗಸು ಅವಳು.

ಆಗ ನಾನು ಮದ್ರಾಸಿನ ಕ್ರೋಂಪೇಟೆಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಕೆಳಗೆ ದೊಡ್ಡ ಮಾವನ ಹೋಟೆಲು, ಮೇಲೆ ಮನೆ. ಉಡುಪಿ ಕಡೆಯಿಂದ ಬಂದು ತಲೆಮಾರು ಕಳೆದಿತ್ತು. ನಾಲಗೆಯ ಮೇಲೆ ಅರ್ಧ ಕನ್ನಡ, ಅರ್ಧ ತಮಿಳು. ಸಣ್ಣ ಮಾವನಿಗೆ ಮಾತ್ರ ಎರಡೂ ಹೆಚ್ಚೆಂದೇ ಕಾಣುತ್ತಿತ್ತು. ಮಾತಾಡುತ್ತಿದ್ದುದೇ ಅಪರೂಪ. ಹೋಟೆಲಿನಲ್ಲಿ ಅವನದು ಒಂದೇ ಕೆಲಸ, ಮಧ್ಯಾಹ್ನದ ಊಟಕ್ಕೆ ಬಾಳೆಲೆ ಒರೆಸಿ ಹಾಕುವುದು. ಎಲೆಯ ತುದಿ ಎಡಕ್ಕೆ. ಕೂದಲೆಳೆಯಷ್ಟು ಓರೆಯಾದರೂ ಎತ್ತಿ ಮತ್ತೆ ಹಾಕುವನು. ಯಾರ ಮುಖವನ್ನೂ ನೋಡಿದವನಲ್ಲ. ಗಿರಾಕಿಗಳ ಗುರುತು ಅವನಿಗೆ ಅಂಗಿಯ ಗುಂಡಿಯಿಂದ. "ಕಂದು ಗುಂಡಿ ಬಂತು, ಸಾಂಬಾರು ಕಡಿಮೆ" ಎಂದು ಬಡಿಸುವವರಿಗೆ ಹೇಳುತ್ತಿದ್ದ. ಪಾಪ, ಆ ಕಂದು ಗುಂಡಿ ಬ್ಯಾಂಕಿನ ಮ್ಯಾನೇಜರು!

ಉಂಡ ಎಲೆಯನ್ನು ನಮ್ಮ ಕಡೆಗೆ ಮಡಚಬೇಕು, ಆಚೆ ಕಡೆಗೆ ಮಡಚುವುದು ಸಾವಿನ ಮನೆಯ ಊಟದಲ್ಲಿ ಎಂಬುದು ಆ ಊರಿನವರ ನಡಾವಳಿ. ಅದು ಮಾವನ ತಲೆಯೊಳಗೆ ಕಬ್ಬಿಣದ ಮೊಳೆಯಂತೆ ಕೂತಿತ್ತು. ಒಮ್ಮೆ ಹೊಸಬರೊಬ್ಬರು ಅವಸರದಲ್ಲಿ ಎಲೆಯನ್ನು ಆಚೆಗೆ ಮಡಚಿ ರೈಲಿಗೆ ಓಡಿದರು. ಮಾವ ಹಿಂದೆಯೇ ಓಡಿದ. ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಹಿಡಿದು, ಅವರ ಗುಂಡಿಯನ್ನೇ ನೋಡುತ್ತ ತಣ್ಣಗೆ ಕೇಳಿದ: "ಸಾರ್, ನಿಮ್ಮ ಮನೆಯಲ್ಲಿ ಯಾರು ಸತ್ತದ್ದು?"

ಆ ಮನುಷ್ಯ ರೈಲು ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದರಂತೆ! ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ನಮ್ಮ ಹೋಟೆಲಿಗೆ ಮಾತ್ರ ಅವರು ಮತ್ತೆ ಕಾಲಿಡಲಿಲ್ಲ.

ಈಗಾದರೆ ಸಿನಿಮಾ, ಧಾರಾವಾಹಿಯ ಪಾತ್ರಗಳನ್ನು ನೋಡಿ, "ಇವನಿಗೆ ಆಟಿಸಂ ಇರಬೇಕು, ನೋಡು ಹೇಗೆ ಕೈ ಆಡಿಸುತ್ತಾನೆ" ಎಂದು ಮಕ್ಕಳೂ ವಾದ ಮಾಡುತ್ತಾರೆ. ಆಗ ಆ ಶಬ್ದ ನಮ್ಮಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮದ್ರಾಸಿನಲ್ಲಿ ಸ್ವಲ್ಪ ಬೇರೆ ಥರ ಇದ್ದವರಿಗೆಲ್ಲ ಹುಚ್ಚಾಸ್ಪತ್ರೆ ಇರುವ ಬಡಾವಣೆಯ ಹೆಸರಿನ ಒಂದೇ ಮಾತು: "ಕೀಲ್ಪಾಕ್ ಕೇಸು!" ಇಷ್ಟಕ್ಕೇ ನಮ್ಮ ವೈದ್ಯಜ್ಞಾನ ಮುಗಿಯಿತು.

ಹೀಗಿರುವಾಗ ಸಂಜೆಯ ತಮಿಳು ಧಾರಾವಾಹಿಯೊಂದರಲ್ಲಿ ಮನೆಯ ಕಿರಿಯ ಮೈದುನನ ಪಾತ್ರವೊಂದು ಬಂತು. ಕುತ್ತಿಗೆ ತನಕ ಗುಂಡಿ ಹಾಕಿದ ಅಂಗಿ. ಯಾರು ಮಾತಾಡಿಸಿದರೂ ಕಣ್ಣು ಗೋಡೆಯ ಮೇಲೆ. ಬಲಗೈಯ ಬೆರಳುಗಳು ವೀಣೆ ಮೀಟುವ ಹಾಗೆ ಗಾಳಿಯಲ್ಲಿ ಆಡುತ್ತಿದ್ದವು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. ಟಿವಿಯನ್ನು ನೋಡಿದಳು, ಬೆಂಚನ್ನು ನೋಡಿದಳು, ಮತ್ತೆ ಟಿವಿ.

"ಅಯ್ಯೋ ದೇವರೇ, ಇವ ಅಲ್ಲಿ ಹೋಗಿ ಎಂತ ಮಾಡ್ತಾ ಇದ್ದಾನೆ?"

ಬೆಂಚಿನ ಮೇಲಿದ್ದ ಮಾವನಿಗೆ ಆಶ್ಚರ್ಯವೇ ಆಗಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ನೆಂಟ ಬಂದಂತೆ, "ಬಂದ" ಎಂದ. ಅಷ್ಟೇ.

ನಾವು ಮೊದಮೊದಲು ನಕ್ಕೆವು. ಆಮೇಲೆ ನಗು ನಿಂತಿತು. ಒಂದು ಸಂಜೆ ಟಿವಿಯ ಅತ್ತಿಗೆ ತಟ್ಟೆ ತಂದಿಟ್ಟು, "ಊಟ ಯಾಕೆ ಮಾಡುವುದಿಲ್ಲ?" ಎಂದು ಕೇಳಿದಳು. ನಮ್ಮ ಬೆಂಚಿನಿಂದ ಉತ್ತರ ಬಂತು: "ತಟ್ಟೆ ಓರೆ." ಒಂದು ಕ್ಷಣ ಕಳೆದು, ಪರದೆಯ ಮೇಲಿನವನೂ ತಮಿಳಿನಲ್ಲಿ ಅದನ್ನೇ ಹೇಳಿದ! ಮತ್ತೊಂದು ದಿನ ಮಾವ ಇದ್ದಕ್ಕಿದ್ದಂತೆ ಎರಡೂ ಕಿವಿ ಮುಚ್ಚಿಕೊಂಡ. ಯಾಕೆಂದು ಕೇಳುವಷ್ಟರಲ್ಲಿ ಧಾರಾವಾಹಿಯ ಅಡುಗೆಮನೆಯಲ್ಲಿ ಪಾತ್ರೆಗಳು ಧಡಾರನೆ ಬಿದ್ದವು. ಅಜ್ಜಿ ಮರುದಿನವೇ ಉಪ್ಪು ಮೆಣಸು ನಿವಾಳಿಸಿದಳು. ಮಾವನಿಗೊಂದು ಸುತ್ತು, ಯಾಕೆ ಬಿಡುವುದೆಂದು ಟಿವಿಗೂ ಒಂದು ಸುತ್ತು!

"ಅಮ್ಮಾ, ಅದು ನಟ ಅಮ್ಮಾ, ಸಂಬಳಕ್ಕೆ ಮಾಡುವುದು" ಎಂದ ದೊಡ್ಡ ಮಾವ.

"ಹೌದಾ? ಹಾಗಾದರೆ ಇವನನ್ನು ನೋಡಿ ಕಲಿತದ್ದು ಯಾವಾಗ? ಎಲ್ಲಿ ನಿಂತು ನೋಡಿದ್ದು? ಹೇಳು!"

ಅಂದಿನಿಂದ ದೊಡ್ಡ ಮಾವನೂ ಬಚ್ಚಲಿನ ಕಿಟಕಿ ಹಾಕಿಕೊಂಡೇ ಸ್ನಾನ ಮಾಡತೊಡಗಿದ.

ನಂತರ ನಡೆದದ್ದು ಇನ್ನೂ ವಿಚಿತ್ರ. ಧಾರಾವಾಹಿಯಲ್ಲಿ ಆ ಹುಡುಗನನ್ನು ಕಾರು ಹತ್ತಿಸಿ ದೂರದ ಆಶ್ರಮಕ್ಕೆ ಕಳಿಸಿಬಿಟ್ಟರು. ಮರುದಿನದಿಂದ ಅವನಿಲ್ಲ. ಇಲ್ಲವೆಂದರೆ ಹೇಗೆ? ಅವನ ಕೋಣೆಯಲ್ಲಿ ಇನ್ಯಾರೋ ಮಲಗುತ್ತಾರೆ, ಅವನ ಕುರ್ಚಿಯಲ್ಲಿ ಇನ್ಯಾರೋ ಕಾಫಿ ಕುಡಿಯುತ್ತಾರೆ. ಅಣ್ಣ ನಗುತ್ತಾನೆ, ಅತ್ತಿಗೆ ಸೀರೆ ಬದಲಾಯಿಸುತ್ತಾಳೆ, ಅವನ ಸುದ್ದಿ ಒಬ್ಬರ ಬಾಯಲ್ಲೂ ಇಲ್ಲ. ನಟ ಬಿಟ್ಟುಹೋದನೋ, ಕಥೆ ಬರೆಯುವವರು ಮರೆತರೋ. ನಾವೂ ಮರೆತೆವು. ಮಾವ ಮಾತ್ರ ದಿನಾ ಸಂಜೆ ಬೆಂಚಿನ ತುದಿಗೆ ಜರುಗಿ, ಪರದೆಯ ಮೂಲೆಗಳಲ್ಲಿ, ಬಾಗಿಲುಗಳ ಹಿಂದೆ ಹುಡುಕುತ್ತಿದ್ದ.

ಒಂದು ಹಬ್ಬದ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ನೋಡುತ್ತೇವೆ, ಎಲೆ ಒಂದು ಹೆಚ್ಚಿಗೆ! ಮಾವನ ಪಕ್ಕದಲ್ಲಿ, ನೀರು ಚಿಮುಕಿಸಿ, ತುದಿಯಲ್ಲಿ ಉಪ್ಪು ಬಡಿಸಿ ಇಟ್ಟಿದೆ. ಕೂರುವವರಿಲ್ಲ.

"ಯಾರಿಗೆ ಇದು?" ಎಂದಳು ಅಜ್ಜಿ. ಅವಳ ದನಿ ಬದಲಾಗಿತ್ತು. ಇಲ್ಲದವರಿಗೆ ಎಲೆ ಹಾಕುವುದು ನಮ್ಮಲ್ಲಿ ಪಿತೃಗಳ ದಿನ ಮಾತ್ರ.

"ಅವನಿಗೆ. ಅವ ಊಟ ಮಾಡಿ ಹೋಗಲಿಲ್ಲ" ಎಂದ ಸಣ್ಣ ಮಾವ, ಟಿವಿಯ ಕಡೆ ಬೆರಳು ತೋರಿಸಿ.

ಆ ಖಾಲಿ ಎಲೆಯ ಮುಂದೆ ಯಾರೋ ಕೂತಿದ್ದಾರೆ ಎಂದೇ ನನಗೆ ಅನಿಸಿತು. ಎಲೆಯ ಮೇಲಿನ ನೀರಿನ ಹನಿ ತಾನಾಗಿ ಜಾರಿತು. ಇಲ್ಲ, ಫ್ಯಾನಿನ ಗಾಳಿಗೆ ಇರಬೇಕು!

ಹಬ್ಬದ ದಿನ ಪಿತೃಗಳ ಎಲೆ! ದೊಡ್ಡ ಮಾವನ ತಾಳ್ಮೆ ಅಲ್ಲಿಗೆ ಮುಗಿಯಿತು. ತಾಂಬರಂನ ಆಚೆ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿತ್ತು. ಅಲ್ಲಿ ಜಾಗ ಗೊತ್ತುಮಾಡಿದ, ಮರುವಾರಕ್ಕೆ ಕಾರು ಹೇಳಿದ. ಅಜ್ಜಿ ಅತ್ತಳು, ಆದರೆ ತಡೆಯಲಿಲ್ಲ. ಸಣ್ಣ ಮಾವನಿಗೆ ಯಾರೂ ಹೇಳಬಾರದೆಂದು ದೊಡ್ಡ ಮಾವನ ಕಟ್ಟಪ್ಪಣೆ.

ಆ ದಿನ ಬೆಳಿಗ್ಗೆ ದೊಡ್ಡ ಮಾವನ ಹೆಂಡತಿ, ನಮ್ಮ ದೊಡ್ಡತ್ತೆ, ಕಣ್ಣೊರೆಸಿಕೊಳ್ಳುತ್ತ ಹೆಸರುಬೇಳೆ ಪಾಯಸ ಮಾಡಿದಳು. ಮಾವ ಲೋಟವನ್ನು ಮೂಸಿದ. ಕುಡಿಯಲಿಲ್ಲ.

"ಕಾರು ಎಷ್ಟು ಗಂಟೆಗೆ?"

"ನಿನಗೆ ಯಾರು ಹೇಳಿದ್ದು ಮಾರಾಯಾ?" ಎಂದ ದೊಡ್ಡ ಮಾವ.

"ಟಿವಿಯಲ್ಲಿ ಅವ ಹೋದ ದಿನ ಅತ್ತಿಗೆ ಹೀಗೇ ಅತ್ತುಕೊಂಡು ಪಾಯಸ ಮಾಡಿದ್ದು." ಎಂದ ಸಣ್ಣ ಮಾವ. ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು. ಆಮೇಲೆ ಹುಟ್ಟಿದಂದಿನಿಂದ ಮಾಡದ ಕೆಲಸವೊಂದನ್ನು ಮಾಡಿದ. ತಲೆ ಎತ್ತಿ ಅಣ್ಣನ ಮುಖವನ್ನೇ ನೋಡಿದ. "ನಾನು ಹೋಗ್ತೇನೆ ಅಣ್ಣ. ಆದರೆ ಅವನ ಮನೆಯವರು ಅವನ ಹೆಸರೇ ಎತ್ತುವುದಿಲ್ಲ. ನೀವು ಆಗಾಗ ನನ್ನ ಹೆಸರು ಹೇಳ್ತೀರಾ?"

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ದೊಡ್ಡ ಮಾವ ಮೆಟ್ಟಿಲಿಳಿದು ಹೋದ. ಕಾರಿನ ಬಾಗಿಲು ತೆರೆದ ಸದ್ದು ಬರಲಿಲ್ಲ. ಕಾರು ಹೊರಟ ಸದ್ದು ಬಂತು. ಆಮೇಲೆ ಬೀದಿಯಿಂದಲೇ, ಇಡೀ ಕ್ರೋಂಪೇಟೆಗೆ ಕೇಳುವಂತೆ, ದೊಡ್ಡ ಮಾವ ತಮ್ಮನ ಹೆಸರು ಹಿಡಿದು ಕೂಗಿದ, ಮತ್ತೆ ಕೂಗಿದ. ಕೂಗುತ್ತಲೇ ಇದ್ದ, ಗಂಟಲು ಒಡೆಯುವ ತನಕ.

"ಬಂದೆ" ಎಂದ ಸಣ್ಣ ಮಾವ.