ಮೂರನೇ ಬೇಸಿನಲ್ಲಿ ನಿಂಬೆವ್ವ

ಶತ್ರುವಿನ ಬಲಾಬಲ ತಿಳಿಯದೆ ಯುದ್ಧಕ್ಕೆ ಹೊರಡಬಾರದು ಎಂದು ಸುಭದ್ರಾಬಾಯಿಯವರು ಒಂದು ರವಿವಾರ ಬೆಳಿಗ್ಗೆ, ಎರಡನೇ ಕಪ್ ಚಹಾ ಮುಗಿಯುವ ಹೊತ್ತಿಗೆ ನಿರ್ಧರಿಸಿದರು. ಶತ್ರು ಬೇರೆ ಯಾರೂ ಅಲ್ಲ, ಪಡಸಾಲೆಯ ಗೂಡಿನಲ್ಲಿ ಕೂತಿದ್ದ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟೀವಿ!

ಎಂ.ಎ., ಬಿ.ಎಡ್. ಓದಿ, ಆಳಂದದಲ್ಲಿ ಮೂವತ್ತೊಂದು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಹೆಂಗಸು ಆಕೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಮುಗಿಯಿತು. “ಏನದು ಗುಸುಗುಸು? ಎದ್ದು ನಿಂತು ಎಲ್ಲರಿಗೂ ಕೇಳೋ ಹಾಂಗ ಹೇಳು!” ಈ ಒಂದು ವಾಕ್ಯಕ್ಕೆ ಹೆದರಿ ಊರಿನ ಎರಡು ತಲೆಮಾರಿನ ಹೆಣ್ಣುಮಕ್ಕಳು ಗುಟ್ಟು ಹೇಳುವುದನ್ನೇ ಮರೆತಿದ್ದರು. ನಿವೃತ್ತಿಯ ಮೇಲೆ ಜೇವರ್ಗಿಯಲ್ಲಿ ‘ಟೀವಿ ಮತ್ತು ಮಕ್ಕಳ ಭವಿಷ್ಯ’ ಎಂದು ಒಂದು ಭಾಷಣ ಮಾಡಿದ್ದರು. ಅದನ್ನು ಕೇಳಿದ ಪಾಲಕರು ಮನೆಗೆ ಹೋಗಿ ಟೀವಿಗೆ ಗೋಣಿಚೀಲ ಹೊದಿಸಿದರಂತೆ. ಆ ಕೀರ್ತಿ ಭೀಮಾ ನದಿಯ ದಂಡೆಯುದ್ದಕ್ಕೂ ಹಬ್ಬಿ, ಅಫಜಲಪುರದ ಒಂದು ಹುಡುಗಿಯರ ವಸತಿನಿಲಯದಿಂದಲೂ ಕರೆ ಬಂದಿತ್ತು. ಆರು ತಿಂಗಳು ಮುಂದಿನ ತಾರೀಖು.

“ಆ ಭಾಷಣಕ್ಕ ಪುರಾವೆ ಬೇಕ್ರಿ. ಒಂದು ಕಾರ್ಯಕ್ರಮ ಪೂರ್ತಿ ನೋಡಿ ದೋಷ ಬರಕೋತೇನಿ,” ಎಂದು ಅವರು ಗಂಡನಿಗೆ ಘೋಷಿಸಿದರು. “ಅರ್ಧ ತಾಸು ಸಾಕು.”

ಗಂಡ ಶಾಂತಲಿಂಗಪ್ಪನವರು ತೊಗರಿ ವ್ಯಾಪಾರಿ, ಕ್ರಿಕೆಟ್ಟಿನ ಭಕ್ತರು. ಟೀವಿ ಬಂದದ್ದೇ ಅವರ ಕ್ರಿಕೆಟ್ಟಿಗಾಗಿ. “ನೋಡ್ರಿ ಬಾಯಾರ,” ಎಂದು ಮೀಸೆಯಲ್ಲೇ ನಕ್ಕರು. ಊರಿನ ಮಂದಿ ಮಾಸ್ತರಿಣಿಯರನ್ನು ಕರೆಯುವಂತೆಯೇ ಅವರು ಹೆಂಡತಿಯನ್ನು ಕರೆಯುತ್ತಿದ್ದರು. “ನಾನೂ ಒಂದೇ ಓವರ್ ನೋಡಿ ಏಳಬೇಕಂತಿದ್ದೆ. ಇಪ್ಪತ್ತು ವರ್ಷ ಆತು.”

ಒಂಬತ್ತೂವರೆಗೆ ಬಂದದ್ದು ಒಂದು ಜಪಾನೀ ಕಾರ್ಟೂನ್ ಧಾರಾವಾಹಿ, ಮಾತೆಲ್ಲ ಹಿಂದಿಯಲ್ಲಿ. ಒಂದು ಶಾಲೆ, ಆ ಶಾಲೆಯ ಮೈದಾನವೆಲ್ಲ ಗಂಡುಹುಡುಗರ ಪಾಲು. ಒಂಬತ್ತು ಮಂದಿ ಹುಡುಗಿಯರು ಸೇರಿ ಬೇಸ್‌ಬಾಲ್ ತಂಡ ಕಟ್ಟುತ್ತಾರೆ. ಗೆದ್ದರೆ ಮೈದಾನ ಅವರದು, ಸೋತರೆ ಗೋಡೆಯ ಹಿಂದಿನ ಕಸದ ಜಾಗವೇ ಗತಿ.

ಸುಭದ್ರಾಬಾಯಿ ನೋಟುಬುಕ್ಕಿನಲ್ಲಿ ‘ದೋಷಗಳು’ ಎಂದು ಬರೆದು ಕೆಳಗೆ ಗೆರೆ ಎಳೆದರು. ಒಂದು: ಕಣ್ಣುಗಳು ತಟ್ಟೆಯಷ್ಟು ದೊಡ್ಡವು. ಎರಡು... ಎರಡನೆಯದು ಬರೆಯಲೇ ಇಲ್ಲ. ಚೆಂಡೆಸೆಯುವ ಜಡೆಯ ಹುಡುಗಿಯ ಮೊಳಕೈ ಅಷ್ಟರಲ್ಲಿ ಅವರ ಕಣ್ಣಿಗೆ ಬಿದ್ದಿತ್ತು. ಅರೆ, ಇದು ಕವಣೆ ಬೀಸುವ ಕೈ! ಚಿಕ್ಕವರಿದ್ದಾಗ ನರೋಣಾದ ಹೊಲದಲ್ಲಿ ಅಟ್ಟದ ಮೇಲೆ ನಿಂತು, ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಕವಣೆ ಕಲ್ಲಿನಿಂದ ಓಡಿಸಿದ ಕೈ ಅವರದು. ಮೊಳಕೈ ಎಲ್ಲಿ ತಿರುಗಬೇಕು, ಹೆಗಲು ಎಲ್ಲಿ ನಿಲ್ಲಬೇಕು ಎಂಬುದನ್ನು ಅವರಿಗೆ ಜಪಾನಿನವರು ಹೇಳಿಕೊಡಬೇಕಾಗಿರಲಿಲ್ಲ.

ಮರುವಾರ ಮತ್ತೆ ನೋಡಿದರು. ಪುರಾವೆ ಸಾಲದು! ಅದರ ಮರುವಾರವೂ ನೋಡಿದರು. ಜಪಾನೀ ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ತಮ್ಮ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನೇ ಹಂಚಿದರು. ಚೆಂಡೆಸೆಯುವ ಜಡೆಯವಳು ಮಲ್ಕಮ್ಮ. ಗಿಡ್ಡ ಕಾಲಿನಲ್ಲಿ ಗಾಳಿಯಂತೆ ಓಡುವವಳು ನಿಂಬೆವ್ವ. ನಾಲ್ಕನೇ ವಾರಕ್ಕೆ ‘ದೋಷಗಳು’ ಅಳಿಸಿ ಹೋಗಿ, ನೋಟುಬುಕ್ಕು ರನ್ನು ಬರೆಯುವ ಪುಸ್ತಕವಾಯಿತು.

ಆ ಧಾರಾವಾಹಿಯಲ್ಲಿ ಅವರಿಗೆ ಹಿಡಿಸಿದ್ದು ಒಂದೇ ಸಂಗತಿಯಲ್ಲ. ಅದರಲ್ಲಿ ಯಾರ ಮದುವೆಯ ಮಾತೂ ಇಲ್ಲ. ಚೆಂಡು ಕೈಬಿಟ್ಟ ಹುಡುಗಿ ಅಳುವುದು ಎರಡು ನಿಮಿಷ. ಆಮೇಲೆ ಗೋಡೆಗೆ ಇನ್ನೂರು ಸಲ ಚೆಂಡು ಎಸೆದು ಹಿಡಿಯುತ್ತಾಳೆ. ತಪ್ಪನ್ನು ಯಾರೂ ಮುದ್ದು ಮಾಡುವುದಿಲ್ಲ, ತಿದ್ದುತ್ತಾರೆ. ಇದಕ್ಕಿಂತ ಒಳ್ಳೆಯ ಶಿಕ್ಷಣಶಾಸ್ತ್ರವನ್ನು ಅವರು ಬಿ.ಎಡ್.ನಲ್ಲಿ ಓದಿರಲಿಲ್ಲ. ಇನ್ನು ಆ ಮೈದಾನದ ವಿಷಯ. ತಮ್ಮ ಶಾಲೆಯ ಹುಡುಗಿಯರಿಗೆ ಒಂದು ಮೈದಾನ ಕೊಡಿ ಎಂದು ಅವರು ಹನ್ನೊಂದು ಅರ್ಜಿ ಬರೆದಿದ್ದರು. ಬಂದದ್ದು ಟೆನಿಕಾಯ್ಟ್ ಆಟದ ಒಂದು ರಬ್ಬರು ರಿಂಗು. ಅದನ್ನು ಎಸೆದಾಡಲೂ ಜಾಗವಿರಲಿಲ್ಲ. ನಿವೃತ್ತಿಯ ದಿನ ಅದು ಆಫೀಸಿನ ಮೊಳೆಗೆ ತೂಗುತ್ತಿತ್ತು. ಮಲ್ಕಮ್ಮ, ನಿಂಬೆವ್ವರು ಗೆಲ್ಲಲೇಬೇಕಿತ್ತು.

“ಬಾಯಾರ, ಭಾಷಣ ಏನಾತು?” ಎಂದು ಶಾಂತಲಿಂಗಪ್ಪ ಒಮ್ಮೆ ಕೆಣಕಿದರು. “ಟೀವಿ ನೋಡಿದ್ರ ಕೆಡ್ತಾರಂತ ಹೇಳಾಕ ಹೊಂಟೀರಿ, ಮತ್ತ ನೀವ?”

“ಕೆಡೋದು ಮಕ್ಕಳು. ನನಗ ಅರವತ್ತೆರಡು. ಕೆಡೋ ವಯಸ್ಸು ದಾಟೇತಿ!”

“ಈ ಬೊಂಬಿ ಹುಡುಗ್ಯಾರ ಆಟ ಒಂದು ಆಟೇನ್ರಿ? ಕ್ರಿಕೆಟ್ ನೋಡ್ರಿ, ಕ್ರಿಕೆಟ್.”

“ಐದು ದಿನ ನಿಂತು ಕಡೀಕ ಡ್ರಾ ಅನ್ನೋದು ಆಟ ಅಲ್ರಿ, ಸೋಮಾರಿತನ.”

ಇಪ್ಪತ್ತೈದು ವಾರ ಕಳೆದವು. ಇಪ್ಪತ್ತಾರನೆಯದು ಕೊನೆಯದು, ಮೈದಾನದ ತೀರ್ಪಿನ ಆಟ. ಅಫಜಲಪುರದ ಭಾಷಣವೂ ಅದೇ ರವಿವಾರವೇ ಬಂದಿತ್ತು! ಸುಭದ್ರಾಬಾಯಿ ಅಂಜಲಿಲ್ಲ. ಭಾಷಣ ಹನ್ನೆರಡಕ್ಕೆ, ಆಟ ಹತ್ತಕ್ಕೆ ಮುಗಿಯುತ್ತದೆ. ಜೀಪು ಹತ್ತಕ್ಕೆ ಬರಲಿ ಎಂದು ಪತ್ರ ಬರೆದರು. ಎಲ್ಲವೂ ವೇಳಾಪಟ್ಟಿಯಂತೆ.

ಜೀಪು ಒಂಬತ್ತೂವರೆಗೇ ಬಂತು. ಡ್ರೈವರ್ ಪೀರಸಾಬ ಬಾಗಿಲಲ್ಲಿ ನಿಂತು ಸಲಾಮು ಮಾಡಿದ. “ಬಾಯಾರು ಟೈಮಿಗೆ ಭಾಳ ಸಖ್ತ್ ಅದಾರ ಅಂದ್ರು. ಅಂಜಿ ಅರ್ಧ ತಾಸು ಮೊದಲೇ ತಂದೀನ್ರಿ.”

“ಹೊರಗ ಕೂಡಪಾ, ಚಹಾ ಕಳಸ್ತೇನಿ,” ಎಂದು ಅವರು ಟೀವಿ ಹಚ್ಚಿದರು. ಕೊನೆಯ ಇನಿಂಗ್ಸು. ಎರಡೂ ತಂಡ ಸಮಸಮ. ಅಷ್ಟರಲ್ಲಿ ಕರೆಂಟು ಹೋಯಿತು!

ಕರೆಂಟು ಹೋದರೆ ಈ ಕಡೆ ಯಾರೂ ಎದೆಗೆಡುವುದಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟೀವಿಗೆ ಹಚ್ಚುತ್ತಾರೆ. ಶಾಂತಲಿಂಗಪ್ಪನವರು ಎಷ್ಟೋ ಟೆಸ್ಟ್ ಮ್ಯಾಚುಗಳನ್ನು ಹಾಗೆಯೇ ನೋಡಿದ್ದರು. ಆದರೆ ಟ್ರ್ಯಾಕ್ಟರು ಆ ದಿನ ತೊಗರಿ ಚೀಲ ತರಲು ನಿಂಬರ್ಗಾಕ್ಕೆ ಹೋಗಿತ್ತು. ಸುಭದ್ರಾಬಾಯಿಯ ದೃಷ್ಟಿ ನಿಧಾನವಾಗಿ ಕಿಟಕಿಯ ಆಚೆ ಹೊರಳಿ ಜೀಪಿನ ಮೇಲೆ ನಿಂತಿತು.

“ಪೀರಸಾಬ, ಬ್ಯಾಟರಿ ಬಿಚ್ಚು.”

“ಬಾಯಾರ, ಬ್ಯಾಟರಿ ಮುದುಕ ಆಗ್ಯಾದ್ರಿ!”

“ನಾನೂ ಮುದುಕಿ ಆಗೇನಿ. ಕೆಲಸ ಮಾಡಾಕತ್ತಿಲ್ಲೇನು? ಬಿಚ್ಚು.”

ಐದು ನಿಮಿಷದಲ್ಲಿ ಬ್ಯಾಟರಿ ಪಡಸಾಲೆಗೆ ಬಂತು, ವೈರಿನ ಚಿಮುಟಿಗಳು ಕಚ್ಚಿಕೊಂಡವು, ಪರದೆ ಬೆಳಗಿತು. ಇಬ್ಬರು ಔಟ್. ಮೂರನೇ ಬೇಸಿನಲ್ಲಿ ನಿಂಬೆವ್ವ, ಕಾಲು ತುದಿಯ ಮೇಲೆ; ಅಲ್ಲಿಂದ ಓಡಿ ‘ಮನೆ’ ಎಂಬ ಕೊನೆಯ ಗುರುತು ಮುಟ್ಟಿದರೆ ಒಂದು ರನ್ನು. ಬ್ಯಾಟು ಹಿಡಿದವಳು ಮಲ್ಕಮ್ಮ. ಹೊಸ್ತಿಲ ಹೊರಗಿದ್ದ ಪೀರಸಾಬ ಯಾವಾಗ ಒಳಬಂದು ಚಾಪೆಯ ಮೇಲೆ ಕೂತನೋ ಯಾರಿಗೂ ತಿಳಿಯದು.

“ಈಕಿ ಯಾರ ಪೈಕಿ ಬಾಯಾರ?”

“ನಮ್ಮಾಕಿ. ನಿಂಬೆವ್ವ ಮನಿ ಮುಟ್ಟಿದ್ರ ಮೈದಾನ ನಮ್ದು. ಸುಮ್ಮನ ನೋಡು.”

ಒಂದು ಸ್ಟ್ರೈಕ್. ಎರಡು ಸ್ಟ್ರೈಕ್. ಮೂರನೇ ಸಲ ತಪ್ಪಿದರೆ ಔಟ್. ಪೀರಸಾಬ “ಯಾ ಅಲ್ಲಾ” ಎಂದ. ಶಾಂತಲಿಂಗಪ್ಪನವರು ಪೇಪರು ಓದುವ ನೆವದಲ್ಲಿ ಅದರ ಮೇಲಂಚಿನಿಂದ ಇಣುಕಿದರು. ಮೂರನೇ ಚೆಂಡು ಬಂತು. ಮಲ್ಕಮ್ಮ ಬೀಸಿದಳು! ಟಣ್ ಎಂದಿತು! ಚೆಂಡು ಆಕಾಶಕ್ಕೆ ಏರಿತು, ನಿಂಬೆವ್ವ ಓಡಿದಳು... ಆಗ ಪರದೆಯ ನಾಲ್ಕೂ ಕಡೆಯಿಂದ ಕತ್ತಲೆ ಒಳಗೆ ಸರಿಯತೊಡಗಿತು. ಚಿತ್ರ ಅಂಗೈಯಷ್ಟಾಯಿತು. ನಿಂಬೆವ್ವ ತೊಗರಿ ಕಾಳಿನಷ್ಟಾದಳು. ಕಾಳು ಚುಕ್ಕೆಯಾಯಿತು. ಚುಕ್ಕೆ ಇಲ್ಲವಾಯಿತು.

ಮುದುಕ ಬ್ಯಾಟರಿ ಪ್ರಾಣ ಬಿಟ್ಟಿತ್ತು.

ಬ್ಯಾಟರಿ ಸತ್ತರೆ ಜೀಪು ಚಾಲೂ ಆಗುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ದಾರಿಯಲ್ಲಿ ಹೊರಟವರನ್ನೆಲ್ಲ ಸುಭದ್ರಾಬಾಯಿ ನಿಲ್ಲಿಸಿ ಜೀಪಿನ ಹಿಂದೆ ಸಾಲು ಮಾಡಿದರು. ಹಾಲಿನ ಮಹಮ್ಮದ, ಕಿರಾಣಿ ಅಂಗಡಿಯ ಸೈದಪ್ಪ, ಜೊತೆಗೆ ಇಬ್ಬರು ಹಳೆಯ ವಿದ್ಯಾರ್ಥಿನಿಯರ ಗಂಡಂದಿರು. “ಎಡಗಾಲು ಮುಂದ! ಒಂದು, ಎರಡು, ನೂಕ್ರಿ!” ಇಡೀ ಓಣಿ ಡ್ರಿಲ್ಲು ಮಾಡಿತು. ನಡುನೋವಿನ ನೆವದಿಂದ ಒಳಗೇ ಉಳಿದಿದ್ದ ಶಾಂತಲಿಂಗಪ್ಪನವರು ಆಗ ಬಾಗಿಲಿಗೆ ಬಂದು ಕೈ ಬೀಸಿದರು. “ಏ ಬಾಯಾರ, ಸ್ವಲ್ಪ ಇಲ್ಲಿ ಕೇಳ್ರಿ—”

“ನಡುವ ಮಾತಾಡಬ್ಯಾಡ್ರಿ!” ಎಂದು ಸುಭದ್ರಾಬಾಯಿ ತಿರುಗದೆಯೇ ಗದರಿದರು. “ಎಣಿಕಿ ತಪ್ತದ! ಒಂದು, ಎರಡು...”

ಜೀಪು ಕೆಮ್ಮಿತು, ಸೀನಿತು, ಹೊರಟಿತು. ಮಾದನಹಿಪ್ಪರಗಾದಲ್ಲಿ ಒಮ್ಮೆ ನಿಂತಿತು. ಅಲ್ಲಿ ಬಸ್ಸಿಗೆ ಕಾದಿದ್ದವರು ನೂಕಿದರು. ದಾರಿಯುದ್ದಕ್ಕೂ ಸುಭದ್ರಾಬಾಯಿಯ ಕಣ್ಣ ಮುಂದೆ ಚೆಂಡು ಆಕಾಶದಲ್ಲೇ ಇತ್ತು, ಕೆಳಗೆ ಇಳಿಯಲೊಲ್ಲದು.

ಅಫಜಲಪುರ ಮುಟ್ಟಿದಾಗ ಒಂದೂವರೆ. ಸಭೆಯಲ್ಲಿ ನೂರಾ ಇಪ್ಪತ್ತು ಹುಡುಗಿಯರು ಕೂತಿದ್ದರು, ಮುಖ ಹಾಗಲಕಾಯಿ ತಿಂದಂತೆ. ವಾರ್ಡನ್ ಉಮಾಬಾಯಿಯವರು ಮಾಲೆ ಹಾಕಿ, “ಶಿಸ್ತಿಗೆ ಮತ್ತೊಂದು ಹೆಸರೇ ಸುಭದ್ರಾಬಾಯಿಯವರು,” ಎಂದರು. ಗೋಡೆಯ ಗಡಿಯಾರ ಟಕ್ ಎಂದಿತು.

ಭಾಷಣ ಶುರುವಾಯಿತು. ಟೀವಿ ಕಣ್ಣು ಕೆಡಿಸುತ್ತದೆ. ಟೀವಿ ಕಾಲ ತಿನ್ನುತ್ತದೆ. ಟೀವಿಯ ಗೊಂಬೆಗಳಿಗಾಗಿ ಮಕ್ಕಳು ಕರ್ತವ್ಯ ಮರೆಯುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಪಿಸುಮಾತು ಕೇಳಿತು. ಅದರಲ್ಲಿ ಎರಡೇ ಶಬ್ದ ಅವರ ಕಿವಿಗೆ ಸ್ಪಷ್ಟವಾಗಿ ಬಿದ್ದವು: “ಮೂರನೇ ಬೇಸ್...”

ಮೂವತ್ತೊಂದು ವರ್ಷದ ನಾಲಿಗೆ ತಾನೇ ಎದ್ದಿತು. “ಏನದು ಗುಸುಗುಸು? ಎದ್ದು ನಿಂತು ಎಲ್ಲರಿಗೂ ಕೇಳೋ ಹಾಂಗ ಹೇಳು!”

ಒಬ್ಬ ತೆಳ್ಳನೆಯ ಹುಡುಗಿ ಎದ್ದಳು.

“ನಿನ್ನ ಹೆಸರೇನು?”

“ಸುಲಭಾ ರಿ.”

“ಏನು ಹೇಳಾಕತ್ತಿದ್ದಿ?”

“ಏನಿಲ್ರಿ ಬಾಯಾರ. ನಾ ಟೀವಿ ನೋಡಂಗೇ ಇಲ್ರಿ.”

“ಸುಳ್ಳು! ಇಬ್ಬರು ಔಟ್ ಆಗಿದ್ರು, ಮೂರನೇ ಬೇಸಿನಾಗ ನಿಂಬೆವ್ವ ನಿಂತಿದ್ದಳು, ಮಲ್ಕಮ್ಮ ಹೊಡದ ಚೆಂಡು ಮ್ಯಾಲ ಹೋಗಿತ್ತು! ಮುಂದ? ಮುಂದ ಏನಾತು?”

ಉಮಾಬಾಯಿಯವರ ಕೈಯಲ್ಲಿದ್ದ ವಂದನಾರ್ಪಣೆಯ ಚೀಟಿ ಕೆಳಗೆ ಬಿತ್ತು. ಸುಲಭಾ ಕಣ್ಣರಳಿಸಿದಳು, ಈಗ ಅವಳ ಕಣ್ಣೂ ತಟ್ಟೆಯಷ್ಟಾಗಿತ್ತು.

“ನಿಂಬೆವ್ವ ಯಾರ್ರಿ ಬಾಯಾರ?”

“ಆ ಗಿಡ್ಡಿ! ಓಡೋ ಹುಡುಗಿ!”

“ಹಾಂ, ಆಕೀನ್ರಿ! ಆಕಿ ಓಡಿದ್ಳ್ರಿ... ಚೆಂಡು ಮ್ಯಾಲ ಹೋತ್ರಿ...”

“ಹೋತು. ಮುಂದ?”

“ಮುಂದ ಗೊತ್ತಿಲ್ರಿ. ಅಷ್ಟರಾಗ ವಾರ್ಡನ್ ಬಾಯಾರು ಟೀವಿ ಬಂದ್ ಮಾಡಿದ್ರು. ‘ಆಳಂದದ ಬಾಯಾರು ಬರಾಕತ್ಯಾರ, ಎರಡು ತಾಸು ಮೊದಲೇ ಸಾಲಾಗಿ ಕೂಡಬೇಕು’ ಅಂದ್ರು ರಿ.”

ನೂರಾ ಇಪ್ಪತ್ತು ಜೋಡಿ ಕಣ್ಣುಗಳು ಆಳಂದದ ಬಾಯಾರನ್ನೇ ನೋಡಿದವು. ಭಾಷಣದಲ್ಲಿ ಇನ್ನೂ ಎಂಟು ಪುಟ ಉಳಿದಿದ್ದವು. ಸುಭದ್ರಾಬಾಯಿ ಅವನ್ನು ಮಡಚಿ ಪರ್ಸಿನಲ್ಲಿ ಇಟ್ಟರು. ಉಳಿದ ಮುಕ್ಕಾಲು ತಾಸು ಮೊಳಕೈ ಎಲ್ಲಿ ತಿರುಗಬೇಕು ಎಂಬುದನ್ನು ವೇದಿಕೆಯ ಮೇಲೆ ನಿಂತೇ, ಒಂದು ಮೋಸಂಬಿ ಹಣ್ಣು ಹಿಡಿದು ತೋರಿಸಿದರು. ಹಣ್ಣು ಕಿಟಕಿಯ ಗಾಜಿನ ಮೂಲಕ ಹಾಯ್ದು ಅಂಗಳ ಸೇರಿತು. ಚಪ್ಪಾಳೆಯೋ ಚಪ್ಪಾಳೆ!

ಸಂಜೆ ಮನೆಗೆ ಬಂದಾಗ ಶಾಂತಲಿಂಗಪ್ಪನವರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಸುಭದ್ರಾಬಾಯಿ ಎದುರಿನ ಕುರ್ಚಿಯಲ್ಲಿ ಕುಸಿದರು. ಗಂಡನ ಮೀಸೆಯೊಳಗೆ ಏನೋ ಕುಣಿಯುತ್ತಿತ್ತು.

“ಭಾರಿ ಆಟ ಬಿಡ್ರಿ ನಿಮ್ಮ ಬೊಂಬಿ ಹುಡುಗ್ಯಾರ್ದು,” ಎಂದರು ಅವರು. “ಕಡೀ ಚೆಂಡಿಗೆ ನನ್ನ ನಡುನೋವೇ ಹೋತು.”

“ನೀವು ಹ್ಯಾಂಗ ನೋಡಿದ್ರಿ?”

“ನೀವು ಜೀಪು ನೂಕಸಾಕತ್ತಿದ್ರಿ, ಕರೆಂಟ್ ಬಂತು. ಬೊಂಬಿ ಚೆಂಡು ಇನ್ನೂ ಮ್ಯಾಲೇ ಇತ್ತು.”

“ಒಂದು ಮಾತು ಕರೀಬಾರದಾಗಿತ್ತೇನ್ರಿ?”

“ಕರದೆ. ‘ನಡುವ ಮಾತಾಡಬ್ಯಾಡ್ರಿ’ ಅಂದ್ರಿ. ಶಿಸ್ತಿನ ಮನಿ, ಸುಮ್ಮನಾದೆ.”

ಸುಭದ್ರಾಬಾಯಿ ಕಣ್ಣು ಮುಚ್ಚಿ ತೆರೆದರು. ಆಮೇಲೆ, ನಲವತ್ತು ವರ್ಷದ ಸಂಸಾರದಲ್ಲಿ ಎಂದೂ ಬಳಸದ ಮೆತ್ತನೆಯ ದನಿಯಲ್ಲಿ ಕೇಳಿದರು: “ನಿಂಬೆವ್ವ ಮನಿ ಮುಟ್ಟಿದಳೇನ್ರಿ?”

“ಏನದು ಗುಸುಗುಸು?” ಎಂದರು ಶಾಂತಲಿಂಗಪ್ಪ. “ಎದ್ದು ನಿಂತು, ಎಲ್ಲರಿಗೂ ಕೇಳೋ ಹಾಂಗ ಕೇಳ್ರಿ.”

“ಎಲ್ಲರೂ ಅಂದ್ರ? ಮನ್ಯಾಗ ನಾವಿಬ್ಬರೇ ಅದೇವಿ.”

“ನಾನೂ ಅದೀನ್ರಿ ಬಾಯಾರ,” ಎಂದ ಪೀರಸಾಬ, ಹೊಸ್ತಿಲ ಆಚೆಯಿಂದ. “ಅದನ್ನ ತಿಳಕೊಂಡೇ ಹೋಗ್ತೀನ್ರಿ. ಜಲ್ದಿ ಎದ್ದು ನಿಂದರ್ರಿ!”

ಸುಭದ್ರಾಬಾಯಿಯವರು ಎದ್ದು ನಿಂತರು. ಕೈ ಕಟ್ಟಿಕೊಂಡರು.