ಬೆವನ್‌ನ ಪಕ್ಕೆಲುಬು ಮತ್ತು ಅತ್ತೆಯ ದಿವಾನ

ಎಲ್ಲದಕ್ಕೂ ಕಾರಣ ಒಂದು ಸ್ಪ್ರಿಂಗು. ಬೆವನ್ ಟ್ರ್ಯಾಂಟರ್ ಎಡಕ್ಕೆ ಹೊರಳಿದರೂ ಬಲಕ್ಕೆ ಹೊರಳಿದರೂ ಅದು ಅವನ ಪಕ್ಕೆಲುಬನ್ನು ಹುಡುಕಿಕೊಂಡು ಬಂದು, ಮದುವೆ ಊಟದ ಪಂಕ್ತಿಯಲ್ಲಿ ಜಾಗ ಹಿಡಿಯುವ ನೆಂಟನ ಹಾಗೆ ತಿವಿಯುತ್ತಿತ್ತು.

ಬೆವನ್ ಮೇರಿಬರೊ ಊರಿನ ಬೇಕರಿಯಲ್ಲಿ ರಾತ್ರಿಪಾಳಿಯವನು. ಊರು ಎದ್ದ ಮೇಲೆ ಅವನು ಮಲಗಬೇಕು. ತಗಡಿನ ಮಾಡಿನ ಕೆಳಗೆ ಕೋಣೆಗಳೆಲ್ಲ ಅವನ ಬೇಕರಿಯ ಒಲೆಗಿಂತ ಹೆಚ್ಚು ಕಾಯುವುದರಿಂದ, ಗಾಳಿಯಾಡುವ ವರಾಂಡದ ದಿವಾನವೇ ಅವನ ಹಾಸಿಗೆ. ಸಿಲ್ಕಿ ಓಕ್ ಮರದ್ದು. ಕಡೆದ ಕಾಲುಗಳು, ತಲೆಯ ಕಡೆ ಬಾಗಿದ ಒರಗು. ಅತ್ತೆ ಎಡ್ನಾ ಮದುವೆಗೆ ಕೊಟ್ಟದ್ದು. ಪ್ರತಿ ಕ್ರಿಸ್‌ಮಸ್‌ಗೂ ಅವರು ಅದರ ಮೇಲೆ ಕೈಯಾಡಿಸಿ, "ನಾನು ಹುಟ್ಟಿದ್ದೇ ಇದರ ಮೇಲೆ ಕಣಪ್ಪ" ಎನ್ನುತ್ತಿದ್ದರು. ಇಂಥ ಮಾತು ಕೇಳಿದ ಮೇಲೆ ಸ್ಪ್ರಿಂಗಿನ ಬಗ್ಗೆ ಅಳಿಯ ಬಾಯಿ ಬಿಡುವುದು ಹೇಗೆ?

ಆದರೆ ಹೋದ ವಾರ ಬೆವನ್ ನಿಂತಲ್ಲೇ ತೂಕಡಿಸಿ ಕಲಸಿದ ಹಿಟ್ಟಿನೊಳಗೆ ಮುಖ ಅಡಿಯಾಗಿ ಬಿದ್ದಿದ್ದ. "ಇನ್ನೊಂದ್ ಸಲ ನಿನ್ ಮೂಗಿನ ಅಚ್ಚು ನನ್ ಬ್ರೆಡ್ ಮೇಲೆ ಕಂಡ್ರೆ ಬೇರೆ ಕೆಲಸ ನೋಡ್ಕೋ" ಎಂದಿದ್ದ ಮಾಲೀಕ. ಇವತ್ತು ಹಗಲು ಕಣ್ಣು ಮುಚ್ಚದಿದ್ದರೆ ಆ ಇನ್ನೊಂದು ಸಲ ಇವತ್ತು ರಾತ್ರಿಯೇ.

ಅದಕ್ಕೇ ಬೆವನ್ ಗುಟ್ಟಾಗಿ ಹೊಸದೊಂದು ದಿವಾನ ತರಿಸಿದ್ದ. ಬೆತ್ತದ ಹೆಣಿಗೆ, ಕುರಿಮರಿಯಂಥ ಮೆತ್ತೆ. ಹೆಂಡತಿ ಗ್ಲೆನಿಸ್ ಶಾಲೆಯ ಕ್ಯಾಂಟೀನಿಗೆ ಹೊರಟ ಬೆನ್ನಿಗೇ ಅದು ಬಂತು. ಊರಿನವರೆಲ್ಲ ಬೇಡದ ಸಾಮಾನನ್ನು ರಸ್ತೆಬದಿಯ ಹುಲ್ಲಿನ ಮೇಲೆ ಇಟ್ಟು, ನಗರಸಭೆಯ ಲಾರಿಗೆ ಕಾಯುವ ವಾರವೂ ಅದೇ ಆಗಿತ್ತು. ಬೆವನ್ ಹಳೆಯದನ್ನು ಎಳೆದು ಹುಲ್ಲಿನ ಮೇಲೆ ಬಿಟ್ಟ. ಹೆಂಡತಿ ಕೇಳಿದರೆ ಏನು ಹೇಳಬೇಕೆಂದೂ ಗಟ್ಟಿಮಾಡಿಕೊಂಡಿದ್ದ.

ಆ ಸುಳ್ಳಿನ ಮೊದಲ ಗಿರಾಕಿ ಪಕ್ಕದ ಮನೆಯ ಐವಿ ಅಜ್ಜಿ. ಇಡೀ ಬೀದಿಯ ಹುಲ್ಲಿನ ಮೇಲೆ ಯಾರದ್ದು ಏನು ಬಂತು, ಏನು ಹೋಯಿತು ಎಂಬುದನ್ನು ಟೀ ಕುಡಿಯುತ್ತ ತಮ್ಮ ವರಾಂಡದಿಂದಲೇ ಕಾಯುವವರು.

"ಅಲ್ಲಪ್ಪ ಬೆವನ್, ಕಲ್ಲಿನಂಥ ದಿವಾನ, ಯಾಕೆ ಬಿಸಾಕ್ತಿದೀಯ?"

"ಗೆದ್ದಲು ಅಜ್ಜಿ! ಒಳಗೆಲ್ಲ ತಿಂದುಬಿಟ್ಟಿದೆ."

ಅಜ್ಜಿ ಟೀ ಬಟ್ಟಲನ್ನು ಕುಕ್ಕಿಟ್ಟರು. ಪೂರ್ತಿ ಮರದ ಮನೆಗಳ ಬೀದಿ ಅದು. ಅವರು ಫೋನಿನ ಕಡೆ ಓಡಿದರು. ಬೆವನ್ ಹೊಸ ದಿವಾನದ ಮೇಲೆ ಮೈಚೆಲ್ಲಿದ. ಆಹಾ! ಪಕ್ಕೆಲುಬು ತನಗೆ ಸಿಕ್ಕ ಮರ್ಯಾದೆಯನ್ನು ನಂಬಲಾರದೆ ನಿಟ್ಟುಸಿರಿಟ್ಟಿತು. ರೆಪ್ಪೆ ಕೂಡುವಷ್ಟರಲ್ಲಿ ಅವನ ಫೋನೂ ಬಡಿದುಕೊಂಡಿತು.

"ರೀ, ಅಮ್ಮ ಬರ್ತಿದಾರೆ" ಎಂದಳು ಗ್ಲೆನಿಸ್. "ಆ ದಿವಾನ ನೋಡೋಕೆ ಯಾರನ್ನೋ ಕರ್ಕೊಂಡ್ ಬರ್ತಾರಂತೆ. ಸ್ವಲ್ಪ ಧೂಳು ಒರೆಸಿಡಿ. ಲ್ಯಾಮಿಂಗ್ಟನ್ ಕೇಕು ಡಬ್ಬದಲ್ಲಿದೆ, ಎಲ್ಲಾ ನೀವೇ ತಿನ್‌ಬೇಡಿ."

ಬೆವನ್ ಬರಿಗಾಲಲ್ಲೇ ಹೊರಗೆ ಓಡಿದ. ಹುಲ್ಲಿನ ಮೇಲೆ ದಿವಾನದ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

ಎದುರುಮನೆಯ ಮರ್ವ್ ಡೂಲನ್ ಅದನ್ನು ತನ್ನ ಶೆಡ್ಡಿನ ಮುಂದೆ ಇಟ್ಟುಕೊಂಡು ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ಮರ್ವ್, ಅದು ನಂದು ಮಾರಾಯ!"

"ನಿಂದಾಗಿತ್ತು. ಹುಲ್ಲಿನ ಮೇಲೆ ಬಂದದ್ದು ಎತ್ಕೊಂಡವನದು. ಹೋದ ವರ್ಷ ನನ್ ಮೀನುಗಾಳದ ಪೆಟ್ಟಿಗೆ ನೀನು ಎತ್ಕೊಂಡು ಹೋದಾಗ ಇದೇ ನ್ಯಾಯ ಹೇಳಿದ್ದೆ, ಮರೆತೋಯ್ತಾ?"

ಬೆವನ್ ಪಕ್ಕೆ ಉಜ್ಜಿಕೊಂಡ. "ಅಯ್ಯೋ, ಅದರಲ್ಲಿ ಗೆದ್ದಲಿದೆ ಕಣೋ!"

"ಹೌದಾ? ಹಾಗಾದ್ರೆ ಈಗಲೇ ಸುಟ್ಟುಬಿಡೋಣ" ಎಂದು ಮರ್ವ್ ಪೆಟ್ರೋಲ್ ಡಬ್ಬಕ್ಕೆ ಕೈ ಹಾಕಿದ.

"ಬೇಡ ಬೇಡ! ಗೆದ್ದಲೂ ಇಲ್ಲ, ಗಿದ್ದಲೂ ಇಲ್ಲ. ಅತ್ತೆ ಬರ್ತಿದಾರೆ. ಅವರು ಹುಟ್ಟಿದ್ದು ಇದರ ಮೇಲೆ."

ಮರ್ವ್‌ನ ಮುಖದಲ್ಲಿ ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವನ ನಗು ಮೂಡಿತು. ಅವನ ಕಣ್ಣು ರಸ್ತೆ ದಾಟಿ ಬೆವನ್‌ನ ವರಾಂಡದ ಮೇಲೆ ನಿಂತಿತು. "ಅದೇನದು, ಹೊಸ ಬೆತ್ತದ್ದು? ಅದು ಕೊಡು, ಇದು ತಗೋ."

ಬೇರೆ ದಾರಿ ಇರಲಿಲ್ಲ. ಹೊಸದನ್ನು ಆಚೆಗೆ, ಹಳೆಯದನ್ನು ಈಚೆಗೆ ಇಬ್ಬರೂ ಹೊತ್ತರು. ರಸ್ತೆಯ ನಡುವಿನ ಗಮ್ ಮರದಲ್ಲಿ ಗೂಡು ಕಟ್ಟಿದ್ದ ಮ್ಯಾಗ್ಪೈ ಹಕ್ಕಿಗೆ ಈ ಮೆರವಣಿಗೆ ಹಿಡಿಸಲಿಲ್ಲ. ಮರ್ವ್, ಹಕ್ಕಿ ಹೆದರಲೆಂದು ಹಿಂಬದಿಗೆ ಎರಡು ಕಣ್ಣು ಬರೆದಿಟ್ಟಿದ್ದ ಐಸ್‌ಕ್ರೀಮ್ ಡಬ್ಬವನ್ನು ತಲೆಗೆ ಕವುಚಿಕೊಂಡು ರಾಜನಂತೆ ನಡೆದ. ಎರಡೂ ಕೈ ದಿವಾನಕ್ಕೆ ಕೊಟ್ಟಿದ್ದ ಬೆವನ್‌ನ ಬೋಳುತಲೆಯನ್ನು ಹಕ್ಕಿ ಹೋಗುವಾಗೊಮ್ಮೆ ಬರುವಾಗೊಮ್ಮೆ ಕುಕ್ಕಿತು.

"ಓಡ್ಬೇಡ, ಓಡಿದ್ರೆ ಜಾಸ್ತಿ ಕುಕ್ಕತ್ತೆ!" ಎಂದು ಮರ್ವ್ ಡಬ್ಬದೊಳಗಿಂದ ಉಪದೇಶ ಮಾಡಿದ.

ಹಳೆಯ ದಿವಾನ ತನ್ನ ಜಾಗ ಸೇರಿ, ಬೆವನ್ ತಲೆಯ ರಕ್ತ ಒರೆಸಿಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ವ್ಯಾನು ನಿಂತಿತು. ಎಡ್ನಾ ಅತ್ತೆ ಇಳಿದರು. ಹಿಂದೆಯೇ ಊರಿನ ವಸ್ತುಸಂಗ್ರಹಾಲಯದ ಫಿಚ್ ಎಂಬ ಸಣಕಲು ಮನುಷ್ಯ.

"ಬೆವನ್, ನಿನ್ ಮುಖ ನೋಡಿದ್ರೆ ನಂಗೆ ಪಾಪ ಅನ್ಸತ್ತೆ" ಎಂದರು ಅತ್ತೆ. "ಆ ಸ್ಪ್ರಿಂಗು ಇನ್ನೂ ಚುಚ್ಚತ್ತೆ ಅಲ್ವಾ? ನಂಗ್ ಗೊತ್ತಿಲ್ವಾ? ನಮ್ಮಪ್ಪನ ಬೆನ್ನಿಗೂ ಅದೇ ಚುಚ್ತಿತ್ತು. ಇದನ್ನ ಇವತ್ತು ಸಂಗ್ರಹಾಲಯಕ್ಕೆ ಕೊಡ್ತಿದೀನಿ. ನಿಂಗೆ ಏನ್ ತಂದಿದೀನಿ ನೋಡು!"

ವ್ಯಾನಿನ ಬಾಗಿಲು ತೆರೆಯಿತು. ಒಳಗೆ ಹೊಚ್ಚ ಹೊಸ ದಿವಾನ. ತೇಗದ ಚೌಕಟ್ಟು, ಮೋಡವನ್ನೇ ತುಂಬಿ ಹೊಲಿದಂಥ ದಪ್ಪ ಮೆತ್ತೆ. ಮದುವೆಯಾದ ಮೇಲೆ ಮೊದಲ ಬಾರಿ ಬೆವನ್ ಅತ್ತೆಯನ್ನು ತಾನಾಗಿಯೇ ತಬ್ಬಿಕೊಂಡ.

ಫಿಚ್ ಕೈಗವಸು ತೊಟ್ಟು ಹಳೆಯ ದಿವಾನ ಮುಟ್ಟಲು ಬಗ್ಗಿದ. ಬೇಲಿಯ ಆಚೆಯಿಂದ ಚೀರಾಟ ಕೇಳಿಸಿತು.

"ಮುಟ್‌ಬೇಡಿ! ಗೆದ್ದಲು!"

ಐವಿ ಅಜ್ಜಿ ಏದುಸಿರು ಬಿಡುತ್ತ ಬಂದರು. ಫಿಚ್ ಮಾರುದ್ದ ಹಿಂದಕ್ಕೆ ಹಾರಿದ.

"ಯಾರು ಹೇಳಿದ್ದು?" ಎಂದರು ಅತ್ತೆ.

"ನಿಮ್ಮ ಅಳಿಯನೇ! ಬೆಳಗ್ಗೆ, ಬಾಯಾರೆ!"

ಎಲ್ಲರೂ ಬೆವನ್ ಕಡೆ ತಿರುಗಿದರು. ಗೆದ್ದಲಿಲ್ಲ ಎಂದರೆ ಬೆಳಗ್ಗೆ ಯಾಕೆ ಹಾಗೆಂದೆ ಎಂದು ಕೇಳುತ್ತಾರೆ; ಉತ್ತರ ಹೇಳಿದರೆ ಅತ್ತೆ ಹುಟ್ಟಿದ ದಿವಾನ ರಸ್ತೆಬದಿಯ ಕಸವಾದ ಕತೆ ಹೊರಬೀಳುತ್ತದೆ. ಎದುರು ವರಾಂಡದಿಂದ ನಿಜ ಬಲ್ಲ ಮರ್ವ್, ಬೆತ್ತದ ದಿವಾನದ ಮೇಲೆ ಕಾಲು ಚಾಚಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಒಂದೆರಡು... ಕಂಡ ಹಾಗಿತ್ತು" ಎಂದ ಬೆವನ್.

"ನಾನು ಆಗಲೇ ಗೆದ್ದಲಿನವನಿಗೆ ಫೋನ್ ಮಾಡಿಬಿಟ್ಟೆ" ಎಂದರು ಐವಿ ಅಜ್ಜಿ, ಹೆಮ್ಮೆಯಿಂದ. "ಮುಂದಿನ ತಿಂಗಳು ಬರ್ತಾನಂತೆ. ಅಲ್ಲಿವರೆಗೂ ಅದನ್ನ ಅಲ್ಲಾಡಿಸ್‌ಬೇಡಿ, ಇಡೀ ಬೀದಿಗೆ ಹರಡತ್ತೆ ಅಂದ."

"ಹಾಗಾದ್ರೆ ಹೊಸ ಮರ ಈ ಮನೆ ಮೆಟ್ಲೂ ಹತ್ತಕೂಡದು" ಎಂದು ಅತ್ತೆ ವ್ಯಾನಿನ ಬಾಗಿಲು ದಡಾರನೆ ಮುಚ್ಚಿದರು. "ಸದ್ಯಕ್ಕೆ ನನ್ನ ಕೋಣೇಲೇ ಇರ್ಲಿ."

ವ್ಯಾನು ಹೊರಟುಹೋಯಿತು. ಲ್ಯಾಮಿಂಗ್ಟನ್ ತಿಂದು ಮುಗಿಸಿದ ಐವಿ ಅಜ್ಜಿ ಹೋಗುವ ಮುಂಚೆ ಮೆಟ್ಟಿಲ ಬಳಿ ತಿರುಗಿದರು. "ಮೆಲ್ಲಗೆ ಮಲಕ್ಕೋಪ್ಪ. ಹೊರಳಾಡ್‌ಬೇಡ. ಗೆದ್ದಲಿಗೆ ಅಲುಗಾಟ ಆಗಲ್ಲ."

ಬೆವನ್ ಉಸಿರು ಬಿಗಿಹಿಡಿದು ಹಳೆಯ ದಿವಾನದ ಮೇಲೆ ನೆಟ್ಟಗೆ ಮಲಗಿದ. ಕಿಂಚಿತ್ತೂ ಅಲುಗಾಡಲಿಲ್ಲ. ಸ್ಪ್ರಿಂಗಿಗೆ ಇವತ್ತು ಪಕ್ಕೆಲುಬನ್ನು ಹುಡುಕುವ ಶ್ರಮವೂ ಇರಲಿಲ್ಲ. ರಸ್ತೆಯ ಆಚೆ ಮರ್ವ್ ಆಗಲೇ ಗೊರಕೆ ಹೊಡೆಯುತ್ತಿದ್ದ.